ತಾಯಿಕೊಂಬೆಯ ತುಂಡು

"ಅಕ್ಕ ಅನ್ನಬೇಡ! ಆ ಬಾಯಲ್ಲಿ ನನ್ನ ಅಕ್ಕ ಅನ್ನಬೇಡ. ಎತ್ತಿ ಆಡಿಸಿದ ಕೈ ಕಣೋ ಇದು. ಈ ಕೈ ತುತ್ತು ತಿಂದು ನನ್ನ ಮನೆಗೇ ಕೊಳ್ಳಿ ಇಟ್ಯಲ್ಲೋ!"

"ನಾನು ಇಟ್ಟಿಲ್ಲ."

"ಹಾಗಾದ್ರೆ ಹೇಳು. ಮಾತ್ರೆ ಯಾರಿಗೆ ತರ್ತಿದ್ದೆ? ಅದೊಂದು ಹೇಳು. ಇನ್ನೇನೂ ಕೇಳಲ್ಲ."

ತಮ್ಮ ಬಾಯಿ ಮುಚ್ಚಿದ.

"ನೋಡಿದ್ರಾ ಸಾಹೇಬ್ರೆ?" ಮೂಲೆಯಲ್ಲಿ ನಿಂತಿದ್ದ ಅಕ್ಕನ ಮೈದುನ ಕೈ ತಟ್ಟಿದ. "ಮಾತ್ರೆ ಅಂದ ಕೂಡಲೇ ನಾಲಿಗೆ ಒಳಗೆ ಹೋಯ್ತು. ಆಮೆ ತಲೆ ಥರ! ಅತ್ತಿಗೆ, ಸುಮ್ನೆ ಗಂಟಲು ಯಾಕೆ ಹರ್ಕೊಳ್ತೀರಿ? ಇವನನ್ನ ಬಂದ ದಾರೀಲೇ ವಾಪಸ್ ಕಳಿಸಿ."

"ನೀವು ಸ್ವಲ್ಪ ಬಾಯಿಗೆ ಬೀಗ ಹಾಕ್ಕೊಳ್ಳಿ" ಎಂದ ಪತ್ತೇದಾರ. ಅವನಿಗೆ ಜನ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಸುಮ್ಮನೆ ಇಟ್ಟಿರಲಿಲ್ಲ.

ಅಕ್ಕನ ಗಂಡ, ಅಂದರೆ ಈ ಬಂದಳಿಕೆ ಅರ್ಕದ ಕಾರ್ಖಾನೆಯ ಯಜಮಾನ, ತಾನೇ ಕಾಯಿಸಿ ಸೋಸಿದ ಅರ್ಕ ಕುಡಿದು ಸತ್ತಿದ್ದ. ಅವನ ಸೀಸೆಯಲ್ಲಿ ಹೃದಯ ನಿಲ್ಲಿಸುವ ವಿಷ ಸಿಕ್ಕಿತ್ತು, ಅವಳ ತಮ್ಮನ ಚೀಲದಲ್ಲಿ ಹೃದಯದ ಮಾತ್ರೆಯ ಖಾಲಿ ಪಟ್ಟಿಗಳು ಸಿಕ್ಕಿದ್ದವು. ಸ್ಟೇಷನ್ನಿನಲ್ಲಿ ಬೆರಳು ಮಾಡಿ "ಇವನೇ" ಎಂದವಳು ಅಕ್ಕ.

ಆ ಬೆರಳು ಈಗಲೂ ಇಳಿದಿರಲಿಲ್ಲ.

ಪರೀಕ್ಷೆಯ ಕೋಣೆ ಚಿಕ್ಕದು. ಬಿಳಿ ಹೆಂಚು ಹಾಸಿದ ಮೇಜು, ಅದರ ಮೇಲೆ ಗಾಜಿನ ಸೀಸೆಗಳು, ಗೋಡೆಗೆ ಒತ್ತಿ ಕೂತ ದೊಡ್ಡ ಯಂತ್ರ. ಮದ್ಯಸಾರದ ವಾಸನೆ. ಕಿಟಕಿಯಾಚೆ ಅಂಗಳದ ತಟ್ಟೆಗಳಲ್ಲಿ ಎಲೆ ಒಣಗುತ್ತಿತ್ತು. ಕಿಟಕಿ ಕೆಳಗೊಂದು ನಲ್ಲಿ. ಬಾಗಿಲ ಹಿಂದೆ ಒಂದು ಉದ್ದನೆಯ ದೋಟಿ, ತುದಿಗೆ ತಂತಿ ಸುತ್ತಿ ಕಟ್ಟಿದ ಕೊಕ್ಕೆ ಕತ್ತಿ. ಬಂದಳಿಕೆ ನೆಲದಲ್ಲಿ ಬೆಳೆಯುವ ಗಿಡವಲ್ಲ. ಬೇರೆ ಮರದ ಕೊಂಬೆಯಲ್ಲಿ ಬೇರಿಳಿಸಿ ಆ ಮರದ ರಸ ಕುಡಿದೇ ಬದುಕುತ್ತದೆ. ಅದನ್ನು ಇಳಿಸಲು ದೋಟಿ ಬೇಕು. ಸ್ಟೇಷನ್ನಿನಿಂದ ನೇರ ಬಂದ ತಮ್ಮ ಮೊದಲು ನೋಡಿದ್ದು ಅಕ್ಕನನ್ನಲ್ಲ, ತನ್ನ ದೋಟಿಯನ್ನು.

"ಕೂಗಾಟ ಮುಗೀತಾ?" ಪತ್ತೇದಾರ ಕುರ್ಚಿ ಎಳೆದು ಕೂತ. "ದೀಪ ಹಚ್ಚೋ ಹೊತ್ತಿಗೆ ಇವನನ್ನ ತಂದೊಪ್ಪಿಸ್ತೀನಿ ಅಂತ ನಾನು ಜಾಮೀನು ನಿಂತು ಕರ್ಕೊಂಡು ಬಂದಿದ್ದೀನಿ. ನಾಳೆ ಇವನನ್ನ ದೊಡ್ಡ ಜೈಲಿಗೆ ಸಾಗಿಸ್ತಾರೆ. ಆಮೇಲೆ ಯಾರು ಎದೆ ಬಡ್ಕೊಂಡ್ರೂ ಪ್ರಯೋಜನ ಇಲ್ಲ. ಇವನು ಕೊಂದನೋ ಇಲ್ಲವೋ, ಇವತ್ತು, ಈ ಕೋಣೇಲಿ ಗೊತ್ತಾಗ್ಬೇಕು."

"ಗೊತ್ತಾಗೋದು ಇನ್ನೇನಿದೆ?" ಎಂದಳು ಅಕ್ಕ. "ನನ್ನ ಅರ್ಕ ಶುದ್ಧ. ಪ್ರತಿ ಬ್ಯಾಚನ್ನೂ ನಾನೇ ಪರೀಕ್ಷೆ ಮಾಡಿ ಬಿಡೋದು. ಶುದ್ಧವಾದ ಅರ್ಕದೊಳಗೆ ವಿಷ ತಾನಾಗೇ ನಡ್ಕೊಂಡು ಬಂತಾ? ಯಾರೋ ಮಾತ್ರೆ ಪುಡಿ ಮಾಡಿ ಸೀಸೆಗೆ ಹಾಕಿದ್ದಾರೆ. ಮಾತ್ರೆ ಇದ್ದಿದ್ದು ಯಾರ ಹತ್ರ?"

"ಪೊಲೀಸಿನವರ ಪರೀಕ್ಷೇಲೂ ಹಾಗೇ ಬಂತಲ್ಲ" ಎಂದ ಮೈದುನ, ಬೀಗ ಮರೆತು.

"ಅವರ ಪರೀಕ್ಷೆ ಕುಲ ಹೇಳುತ್ತೆ, ಹೆಸರು ಹೇಳಲ್ಲ. ಬೊಗಳಿದ್ದು ನಾಯಿ ಅನ್ನುತ್ತೆ, ಯಾರ ಮನೆ ನಾಯಿ ಅನ್ನಲ್ಲ. ಇಂಥ ಹೃದಯದ ವಿಷ ಹತ್ತಾರು ಇವೆಯಂತೆ, ಎಲ್ಲಾ ಅಣ್ಣ ತಮ್ಮಂದಿರು." ಪತ್ತೇದಾರ ಯಂತ್ರದ ಕಡೆ ಗದ್ದ ಎತ್ತಿ ತೋರಿಸಿದ. "ಹೆಸರು ಹೇಳೋದು ಇದು. ಅಲ್ವಾ ಅಮ್ಮಾ?"

ಅಕ್ಕನ ಬೆನ್ನು ನೆಟ್ಟಗಾಯಿತು. ದುಃಖದಲ್ಲೂ ಅವಳಿಗೆ ಆ ಯಂತ್ರದ ಬಗ್ಗೆ ಹೆಮ್ಮೆ.

"ಹೇಳುತ್ತೆ. ಅರ್ಕದಲ್ಲಿರೋ ಒಂದೊಂದು ಸಣ್ಣ ಅಣುವನ್ನೂ ಬೇರೆ ಬೇರೆ ಮಾಡಿ ತೋರಿಸುತ್ತೆ."

ಪತ್ತೇದಾರ ಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲೆ ಎಸೆದ. ತಮ್ಮ ಹೋಗುತ್ತಿದ್ದ ಅಂಗಡಿಯದೇ, ಅದೇ ಮಾತ್ರೆ. ಪಕ್ಕದಲ್ಲಿ ಯಜಮಾನ ಕೊನೆಯದಾಗಿ ಕುಡಿದ ಸೀಸೆ ಇಟ್ಟ. ತಳದಲ್ಲಿ ಎರಡು ಚಮಚದಷ್ಟು ಅರ್ಕ ಉಳಿದಿತ್ತು.

"ಹಾಕಿ ಹಾಗಾದ್ರೆ."

"ಹಾಕ್ತೀನಿ. ಪರದೆ ಮೇಲೆ ಗೆರೆ ಗುಡ್ಡದ ಹಾಗೆ ಏಳುತ್ತೆ. ಮಾತ್ರೆ ಗುಡ್ಡ, ಸೀಸೆ ಗುಡ್ಡ, ಎರಡೂ ಒಂದೇ ಜಾಗದಲ್ಲಿ ಎದ್ದರೆ ಇವನನ್ನ ನಾನೇ ಜುಟ್ಟು ಹಿಡಿದು ಎಳ್ಕೊಂಡು ಹೋಗ್ತೀನಿ."

"ಏಳದಿದ್ರೆ?"

ಅಕ್ಕ ಮಾತ್ರೆ ಪಟ್ಟಿ ಕೈಗೆತ್ತಿಕೊಂಡಳು. ಆ ಪ್ರಶ್ನೆ ಅವಳ ತಲೆಗೇ ಬಂದಿರಲಿಲ್ಲ.

ಅವಳು ಮಾತ್ರೆಯನ್ನು ಅರೆದಳು, ಮದ್ಯಸಾರದಲ್ಲಿ ಕದಡಿದಳು, ಸಣ್ಣ ಸಿರಿಂಜಿನ ಬಾಯಿಗೆ ಸೋಸುವ ಬಿಲ್ಲೆ ಸಿಕ್ಕಿಸಿ ಬೆರಳುದ್ದದ ಸೀಸೆಗೆ ಇಳಿಸಿದಳು. ಕೆಲಸಕ್ಕೆ ಇಳಿದ ಕೈ ಒಂದು ಹನಿಯನ್ನೂ ಚೆಲ್ಲಲಿಲ್ಲ. ಯಂತ್ರ ಸೂಜಿ ಇಳಿಸಿ ಒಂದು ಹನಿ ಹೀರಿಕೊಂಡಿತು.

ಒಳಗಿರುವುದು ಉಕ್ಕಿನ ಕೊಳವೆ, ಅದರೊಳಗೆ ಹಿಟ್ಟಿಗಿಂತ ನುಣ್ಣನೆಯ ಪುಡಿ. ಆ ಪುಡಿಯ ನಡುವೆ ಅರ್ಕವನ್ನು ದಬ್ಬುತ್ತಾರೆ. ಕೆಲವು ಅಣು ಪುಡಿಗೆ ಅಂಟಿಕೊಂಡು ತಡವಾಗಿ ಬರುತ್ತವೆ, ಕೆಲವು ಅಂಟದೆ ಓಡಿ ಬರುತ್ತವೆ. ಒಂದೊಂದಕ್ಕೂ ಅದರದೇ ಸಮಯ. ಹೊರಬಂದಾಗ ಪರದೆಯ ಗೆರೆ ಗುಡ್ಡದ ಹಾಗೆ ಏಳುತ್ತದೆ. ಅದಕ್ಕೇ ಈ ಮನೆಯಲ್ಲಿ ಅಕ್ಕನ ಕೆಲಸಕ್ಕೆ ಗುಡ್ಡ ಕಾಯುವುದು ಎಂದು ಹೆಸರು. "ದನ ಕಾಯೋರನ್ನ ಕಂಡಿದ್ದೆ, ಗುಡ್ಡ ಕಾಯೋಳನ್ನ ಈಗ ಕಟ್ಕೊಂಡೆ" ಎಂದು ಯಜಮಾನ ಮದುವೆಯಾದ ಹೊಸತರಲ್ಲಿ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಈಗ ನಗಿಸುವವನಿಲ್ಲ. ನಾಲ್ಕು ಜನ ಒಂದು ಗೆರೆಯನ್ನು ನೋಡುತ್ತ ಕೂತರು.

ಮಾತ್ರೆಯ ಗುಡ್ಡ ಎದ್ದಿತು. ಒಂದೇ, ಚೂಪಾದ ಗುಡ್ಡ. ಅಕ್ಕ ಅದರ ಜಾಗಕ್ಕೆ ಗುರುತು ಹಾಕಿದಳು.

ಆಮೇಲೆ ಸೀಸೆಯ ಹನಿ.

ಬಂದಳಿಕೆಯ ಗುಡ್ಡಗಳು ಒಂದರ ಹಿಂದೊಂದು ಎದ್ದವು. ಎಲೆಯ ಹಳದಿ ಬಣ್ಣದ್ದು, ಒಗರಿನದ್ದು. ಅಕ್ಕ ಅವುಗಳನ್ನು ಮನೆಮಕ್ಕಳ ಹಾಗೆ ಗುರುತಿಸುತ್ತಿದ್ದಳು. ಗೆರೆ ಮಾತ್ರೆಯ ಗುರುತಿನ ಹತ್ತಿರ ಬಂತು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಗೆರೆ ಮಲಗಿದ್ದಂತೆಯೇ ಗುರುತನ್ನು ದಾಟಿ ಹೋಯಿತು.

ಗುಡ್ಡ ಏಳಲಿಲ್ಲ. ದಾಟಿ ಸ್ವಲ್ಪ ಹೊತ್ತಾದ ಮೇಲೆ ಒಂದು ಕುಳ್ಳ ಗುಡ್ಡ ಎದ್ದಿತು, ಇಳಿಯಿತು. ಅಷ್ಟೆ.

"ಮಾತ್ರೆ ಎಲ್ಲಮ್ಮಾ?" ಪತ್ತೇದಾರ ಮೆಲ್ಲಗೆ ಕೇಳಿದ.

"ಇಲ್ಲ."

"ಜೋರಾಗಿ ಹೇಳಿ. ಸ್ಟೇಷನ್ನಿನಲ್ಲಿ ಜೋರಾಗೇ ಹೇಳಿದ್ರಿ."

"ಸೀಸೇಲಿ ಮಾತ್ರೆ ಇಲ್ಲ." ಅವಳು ತಮ್ಮನ ಕಡೆ ತಿರುಗಲಿಲ್ಲ. ತಿರುಗಲು ಧೈರ್ಯ ಸಾಲಲಿಲ್ಲ.

ತಮ್ಮ ನೆಲದ ಹೆಂಚು ನೋಡುತ್ತ ಕೂತಿದ್ದ.

"ಹಾಗಾದ್ರೆ ಆ ಕುಳ್ಳ ಗುಡ್ಡ ಯಾವುದು?"

"ಅದು ಬಂದಳಿಕೇದೇ. ಯಾವಾಗ್ಲೂ ಇರುತ್ತೆ."

"ಯಾವಾಗ್ಲೂ?"

"ಶುದ್ಧ ಅರ್ಕ ಹೇಗಿರ್ಬೇಕು ಅಂತ ಎತ್ತಿಟ್ಟಿರೋ ಮಾದರಿ ಸೀಸೆಯಲ್ಲೂ ಇದೆಯಲ್ಲ. ಮಾದರಿಗೆ ಹೋಲಿಸಿ ನೋಡೋದೇ ನನ್ನ ಕೆಲಸ. ಎರಡೂ ತಾಳೆ ಆದ್ರೆ ಬ್ಯಾಚು ಪಾಸು."

"ಮಾದರಿ ತೆಗೀರಿ. ಆ ಬ್ಯಾಚಿನ ಡ್ರಮ್ಮಿನಿಂದಲೂ ಒಂದು ಹನಿ ಬೇಕು."

ಮೈದುನ ಗಡಿಯಾರ ನೋಡಿದ. "ನಿಮ್ಮ ಗುಡ್ಡ ನೋಡ್ತಾ ಕೂತ್ರೆ ನನ್ನ ಕೆಲಸ ಯಾರು ಮಾಡ್ತಾರೆ? ವ್ಯಾನಿಗೆ ಪೆಟ್ಟಿಗೆ ತುಂಬೋದಿದೆ" ಎಂದು ಹೊರಗೆ ಹೋದ. ಪತ್ತೇದಾರ ತಲೆ ಎತ್ತಲಿಲ್ಲ. ಪರದೆಯ ಮೇಲಿಟ್ಟ ಕಣ್ಣು ಒಮ್ಮೆ ಬಾಗಿಲ ಕಡೆ ತಿರುಗಿದ್ದರೆ ಸಾಕಿತ್ತು ಎಂದು ಆಮೇಲೆ ಅವನು ಎಷ್ಟೋ ಸಲ ತನ್ನನ್ನೇ ಬೈದುಕೊಂಡ.

ಡ್ರಮ್ಮಿನ ಹನಿಯಲ್ಲೂ ಕುಳ್ಳ ಗುಡ್ಡ ಇತ್ತು. ಮಾದರಿಯಲ್ಲೂ ಇತ್ತು. ಮೂರು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟಾಗ ಒಂದೇ ಗೆರೆ ಎಳೆದ ಹಾಗೆ ಕೂತವು.

"ಅಳೆಯೋ ಸೇರೇ ಸೊಟ್ಟಗಿದ್ರೆ ಅಳೆದಿದ್ದೆಲ್ಲ ಸರಿಯಾಗೇ ಕಾಣುತ್ತೆ" ಎಂದ ಪತ್ತೇದಾರ. "ಈ ಮಾದರಿ ಯಾವಾಗಿಂದ ಇದೆ?"

"ಹಳೇದು ಒಡೆದುಹೋಯ್ತು. ಹೊಸ ಕಟ್ಟು ಎಲೆ ತರಿಸಿ ನಾನೇ ಮಾಡ್ಕೊಂಡೆ, ಹೋದ ವರ್ಷ."

"ಎಲೆ ತಂದಿದ್ಯಾರು?"

ಅಕ್ಕ ಬಾಯಿ ತೆರೆಯುವುದಕ್ಕೆ ಮೊದಲೇ ತಮ್ಮ ಮಾತಾಡಿದ. ಆ ಮಧ್ಯಾಹ್ನ ಯಾರೂ ತನ್ನನ್ನು ಕೇಳದೆಯೇ ಅವನು ಆಡಿದ ಮೊದಲ ಮಾತು.

"ನಾನಲ್ಲ."

ಪತ್ತೇದಾರ ಕುರ್ಚಿಯನ್ನು ಅವನ ಕಡೆ ತಿರುಗಿಸಿದ.

"ಲೇ" ಎಂದ ಪತ್ತೇದಾರ, "ನೀನು ಮಾತ್ರೆ ಬೆರೆಸಿಲ್ಲ ಅಂತ ಗೊತ್ತಾಯ್ತು. ಇನ್ನಾದ್ರೂ ಹೇಳೋ ಮಾರಾಯ. ಆ ಮಾತ್ರೆ ಯಾರಿಗೆ?"

"ಭಾವಂಗೆ."

ಅಕ್ಕ ತಿರುಗಿದಳು.

"ಭಾವಂಗೆ ಅಕ್ಕ. ಎದೆ ಹೊಡ್ಕೊಳ್ತಿತ್ತು ಅವರಿಗೆ. ಡಾಕ್ಟರು ಬರೆದುಕೊಟ್ಟಿದ್ದು. ಅವರು ಅಂಗಡಿಗೆ ಹೋಗೋ ಹಾಗಿರ್ಲಿಲ್ಲ, ಮನೇಲಿ ಇಡೋ ಹಾಗೂ ಇರ್ಲಿಲ್ಲ. ನನ್ನ ರೂಮಿಗೆ ಬಂದು ನುಂಗಿ ಹೋಗೋರು."

"ಸುಳ್ಳು. ನನಗೆ ಹೇಳದೆ ಅವರು—"

"ಸೀಸೆ ಮೇಲೆ ಏನು ಅಂಟಿಸಿದ್ದೀವಿ ನಾವು? ಹೃದಯಕ್ಕೆ ಬಲ! ಅದನ್ನ ಮಾರೋನೇ ಕದ್ದು ಅಂಗಡಿ ಮಾತ್ರೆ ನುಂಗ್ತಾನೆ ಅಂತ ಗೊತ್ತಾದ್ರೆ ಒಂದು ಸೀಸೆ ಹೋಗುತ್ತಾ? 'ಬೋಳು ತಲೆಯೋನು ಕೂದಲೆಣ್ಣೆ ಮಾರಿದ ಹಾಗಾಗುತ್ತೆ ಕಣೋ' ಅಂತಿದ್ರು. ನಗ್ತಾನೇ ಹೇಳ್ತಿದ್ರು. ಆಣೆ ಹಾಕಿಸ್ಕೊಂಡ್ರು. 'ಕಾರ್ಖಾನೆ ಮುಚ್ಚಿದ್ರೆ ನಿಮ್ಮಕ್ಕ ಬೀದಿಗೆ ಬೀಳ್ತಾಳೆ, ಅವಳಿಗೋಸ್ಕರ ಬಾಯಿ ಮುಚ್ಕೊಂಡಿರು' ಅಂದ್ರು. ಮುಚ್ಕೊಂಡಿದ್ದೆ."

"ಲಾಕಪ್ಪಿನಲ್ಲೂ?"

"ಅಲ್ಲಿ ಹೇಳಿದ್ರೆ ಯಾರು ನಂಬ್ತಿದ್ರು?" ಅವನು ಅಕ್ಕನನ್ನು ನೋಡಿದ. "ನೀನು ನಂಬ್ತಿದ್ಯಾ?"

ಅಕ್ಕ ಕೂತಳು. ದಿನಾ ಪಕ್ಕದಲ್ಲಿ ಮಲಗುತ್ತಿದ್ದ ಗಂಡನ ಎದೆ ಹೊಡೆದುಕೊಳ್ಳುವುದು ಅವಳಿಗೆ ಕೇಳಿಸಿರಲಿಲ್ಲ. ಯಾವ ಎಲೆಯಲ್ಲಿ ಯಾವ ಅಣು ಎಷ್ಟಿದೆ ಎಂದು ಕೂದಲು ಸೀಳಿ ಹೇಳುವವಳಿಗೆ.

"ಆ ಕುಳ್ಳ ಗುಡ್ಡ ಏನಿರಬಹುದು?" ಪತ್ತೇದಾರ ತಮ್ಮನನ್ನೇ ಕೇಳಿದ.

"ನನಗೇನು ಗೊತ್ತು ಸಾಹೇಬ್ರೆ. ನಾನು ಗುಡ್ಡ ಓದಿದೋನಲ್ಲ. ಆದ್ರೆ ಬಂದಳಿಕೆ ಅಂದ್ರೆ ಎಂಜಲು ಕುಡಿಯೋ ಜಾತಿ. ಯಾವ ಮರದ ಮೇಲೆ ಕೂತಿದೆಯೋ ಆ ಮರ ಕುಡಿದಿದ್ದನ್ನೇ ಕುಡಿಯುತ್ತೆ. ಮಾವಿನ ಮೇಲಿದ್ದದ್ದೇ ಬೇಕು ಅಂತ ಅದಕ್ಕೇ ತಾನೆ ಹೇಳೋದು. ಬೇರೆ ಮರದ್ದು ತಂದ್ರೆ ಅದರಲ್ಲಿ ಏನಿರುತ್ತೋ?"

"ಬೇರೆ ಅಂದ್ರೆ?"

"ಹೆದ್ದಾರಿ ಉದ್ದಕ್ಕೂ ಕಣಗಿಲೆ ಸಾಲಿದೆ ನೋಡಿ. ಅದರ ಮೈತುಂಬ ಬಂದಳಿಕೆ. ಹಕ್ಕಿಗೇನು, ಎಲ್ಲಿ ಕೂತು ಮೂತಿ ಒರೆಸ್ಕೊಳ್ತೋ ಅಲ್ಲಿ ಬೀಜ ಅಂಟುತ್ತೆ. ಅದನ್ನ ಇಳಿಸೋಕೆ ದೋಟಿನೂ ಬೇಡ, ನೆಲದ ಮೇಲೆ ನಿಂತೇ ಕೊಯ್ಯಬಹುದು. ನಾನು ಮಾತ್ರ ಮುಟ್ಟಿಲ್ಲ. ಕಣಗಿಲೆ ತಿಂದ ಹಸು ಏಳಲ್ಲ."

ಪತ್ತೇದಾರ ಎದ್ದು ಹೋದ. ಬರುವಾಗ ಅವನ ಕರವಸ್ತ್ರದಲ್ಲಿ ಕಣಗಿಲೆ ಎಲೆ ಇದ್ದವು. ರಸ್ತೆಯ ಧೂಳು ಹಿಡಿದ, ಉದ್ದನೆಯ, ದಪ್ಪ ಎಲೆ.

ಅಕ್ಕ ಮಾತಿಲ್ಲದೆ ಎಲೆ ತೊಳೆದಳು, ಅರೆದಳು, ಸೋಸಿದಳು. ಈ ಸಲ ಸಿರಿಂಜಿನ ಬಿಲ್ಲೆ ಎರಡು ಸಲ ಜಾರಿ ಬಿತ್ತು. ತಮ್ಮ ಬಗ್ಗಿ ಎತ್ತಿ ಕೊಟ್ಟ. ಅವಳು ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಲಿಲ್ಲ.

ಗೆರೆ ಹರಿಯಿತು. ಕುಳ್ಳ ಗುಡ್ಡ ಏಳುತ್ತಿದ್ದ ಜಾಗದಲ್ಲೇ ಎದ್ದಿತು. ಆದರೆ ಈಗ ಕುಳ್ಳಗಿರಲಿಲ್ಲ. ಪರದೆಯ ತುದಿ ಮುಟ್ಟಿತು.

"ಕಣಗಿಲೆ" ಎಂದಳು ಅಕ್ಕ. "ಇಷ್ಟು ದಿನ ಕಣಗಿಲೆ ವಿಷ ನೋಡ್ಕೊಂಡು ಬಂದಳಿಕೇದು, ಬಂದಳಿಕೇದು ಅಂತ ಪಾಸು ಮಾಡಿದ್ದೀನಿ."

"ಮತ್ತೆ ಬೇರೆ ಯಾರೂ ಯಾಕೆ ಸಾಯಲಿಲ್ಲ?"

"ಅರ್ಕದಲ್ಲಿ ಇದು ಸ್ವಲ್ಪ. ಗಟ್ಟಿ ಆಳಿಗೆ ಹೊಟ್ಟೆ ತೊಳೆಸಿ ಸುಮ್ಮನಾಗುತ್ತೆ. ಆದ್ರೆ ಇವರು…" ಅವಳ ಕೈ ಮಾತ್ರೆ ಪಟ್ಟಿಯ ಮೇಲೆ ಬಿತ್ತು. "ಮಾತ್ರೆನೂ ಅದೇ ಕುಲ ಸಾಹೇಬ್ರೆ. ಮಾತ್ರೆ ನುಂಗೋ ಮನುಷ್ಯ ಅದರ ಮೇಲೆ ಇದನ್ನೂ ದಿನಾ ಕುಡಿದರೆ, ಎರಡೂ ಕೂಡಿಕೊಂಡು ಒಂದು ದಿನ ಹೃದಯ ನಿಲ್ಲಿಸುತ್ತೆ. ನಾನೇ ಬಗ್ಗಿಸಿ ಕೊಡ್ತಿದ್ದೆ. ಸೀಸೆಯಿಂದ ಚಮಚಕ್ಕೆ ನಾನೇ…"

ಅವಳು ಮಾತ್ರೆ ಪಟ್ಟಿಯನ್ನು ಮುಷ್ಟಿಯಲ್ಲಿ ಮುದುಡಿದಳು.

ಪತ್ತೇದಾರನಿಗೆ ಸಮಾಧಾನ ಮಾಡಲು ಬರುವುದಿಲ್ಲ. ಬಂದದ್ದು ಪ್ರಶ್ನೆ ಕೇಳುವುದೊಂದೇ.

"ಕಣಗಿಲೆ ಮೇಲಿನದು ಅಂತ ಕಟ್ಟು ಬಿಚ್ಚಿದಾಗ ಗೊತ್ತಾಗಲ್ವಾ?"

"ಎಲೆ ಎಲ್ಲಾ ಒಂದೇ ಥರ ಸಾಹೇಬ್ರೆ" ಎಂದ ತಮ್ಮ. "ಅದಕ್ಕೇ ಮೊದಲು ತಾಯಿಕೊಂಬೆ ತುಂಡು ಬಿಡ್ತಿದ್ವಿ. ಬಂದಳಿಕೆ ಕೂತಿರೋ ಕೊಂಬೇನ ಬೆರಳುದ್ದ ಸೇರಿಸೇ ಕೊಯ್ಯೋದು. ತೊಗಟೆ ನೋಡಿದ್ರೆ ಮಾವೋ, ಮತ್ತೊಂದೋ, ಕುರುಡನೂ ಮುಟ್ಟಿ ಹೇಳ್ತಾನೆ. ತುಂಡಿಲ್ಲದ ಕಟ್ಟು ಒಳಗೇ ಬಿಟ್ಕೊಳ್ತಿರ್ಲಿಲ್ಲ."

"ಅದನ್ನ ನಿಲ್ಲಿಸಿದ್ಯಾರು?"

ತಮ್ಮ ಮತ್ತೆ ನೆಲದ ಹೆಂಚಿನ ಕಡೆ ಕಣ್ಣಿಳಿಸಿದ. ಪಾಪ, ಆಗಲೂ ಅವನು ಅಕ್ಕನನ್ನು ತೋರಿಸಿಕೊಡಲಿಲ್ಲ.

"ನಾನು" ಎಂದಳು ಅಕ್ಕ. "ತೊಗಟೆ ಸೇರಿ ಗೆರೆ ಕೆಡ್ತಿತ್ತು. ಅಡ್ಡಾದಿಡ್ಡಿ ಗುಡ್ಡ ಬರ್ತಿದ್ವು. ನನಗೆ ಚೊಕ್ಕಟ ಗೆರೆ ಬೇಕಿತ್ತು. ಬರೀ ಎಲೆ ತನ್ನಿ, ಕೊಂಬೆ ಕತ್ತರಿಸಿ ಬಿಸಾಕಿ ಅಂದೆ. ಇವನು ಬೇಡ ಅಕ್ಕ ಅಂದ. ನಿನಗೇನು ಗೊತ್ತಾಗುತ್ತೆ ಸುಮ್ನಿರು ಅಂದೆ."

"ಒಂದೇ ಸಲ ಬೇಡ ಅಂದಿದ್ದು" ಎಂದ ತಮ್ಮ. "ಹೊರೆ ಹಗುರಾಯ್ತಲ್ಲ ಅಂತ ನಾನೂ ಸುಮ್ಮನಾದೆ. ಎರಡನೇ ಸಲ ಹೇಳ್ಬೇಕಿತ್ತು."

ಚೊಕ್ಕಟ ಗೆರೆಗಾಗಿ ಗುರುತನ್ನೇ ಕತ್ತರಿಸಿ ಎಸೆದಿದ್ದರು. ಊರು ಹಾಳು ಮಾಡಲು ಹೊರಟವರ ಕೆಲಸವಲ್ಲ ಇದು. ಕೆಲಸ ಚೆನ್ನಾಗಿ ಆಗಲಿ ಎಂದು ಹೊರಟವರ ಕೆಲಸ. ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

"ಆ ಯೋಚನೆ ನಿಮ್ಮದೇನಾ ಅಮ್ಮಾ?"

ಅಕ್ಕ ತಲೆ ಎತ್ತಿದಳು. ನೆನಪು ಮಾಡಿಕೊಳ್ಳುತ್ತಿದ್ದಳು. ಮುಖದ ಬಣ್ಣ ಇಳಿಯುತ್ತ ಹೋಯಿತು.

"ನನ್ನ ಮೈದುನ ಹೇಳಿದ್ದು. 'ಅತ್ತಿಗೆ, ಈ ಕೊಂಬೆ ಸಿಪ್ಪೆಯಿಂದಲೇ ನಿಮ್ಮ ಗೆರೆ ಕೆಡ್ತಿರೋದು' ಅಂತ. ಹೌದಲ್ಲ ಅನ್ನಿಸ್ತು. ಒಂದು ತಿಂಗಳಾಗಿತ್ತೋ ಇಲ್ವೋ, ಹಳೇ ಮಾದರಿ ಒಡೀತು. ಹೊಸದಕ್ಕೆ ಎಲೆ ತಂದುಕೊಟ್ಟಿದ್ದೂ ಅವನೇ. ಇವನೊಬ್ಬನ ಕೈಯಲ್ಲಿ ಸಾಕಷ್ಟು ಬರ್ತಿಲ್ಲ ಅಂತ ಆಮೇಲೆ ಮೂಟೆ ಮೂಟೆ ತರಿಸೋಕೆ ಶುರು ಮಾಡಿದ."

"ಅವನಿಗೆ ಸುಲಭವಾಗಿ ಮೂಟೆ ತುಂಬೋ ಆಸೆ ಇರಬಹುದು. ಅದು ಕಳ್ಳತನ, ಕೊಲೆ ಅಲ್ಲ" ಎಂದ ಪತ್ತೇದಾರ. "ಕೊಲೆ ಅನ್ನಬೇಕಾದ್ರೆ ಅಣ್ಣ ಮಾತ್ರೆ ನುಂಗ್ತಿದ್ದ ವಿಷಯ ಅವನಿಗೆ ಗೊತ್ತಿರಬೇಕು. ಗೊತ್ತಿದ್ದೂ ಅಣ್ಣ ಅದನ್ನ ಕುಡಿಯೋದನ್ನ ನೋಡ್ತಾ ಕೂತಿರಬೇಕು. ಮಾತ್ರೆ ವಿಷಯ ನಿನಗೆ ಬಿಟ್ರೆ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ಪ್ರತಿ ಸಲ ನಾನೇ…"

ತಮ್ಮನ ಮಾತು ಅರ್ಧದಲ್ಲಿ ನಿಂತಿತು. ಅವನ ಕೈ ತಾನಾಗಿ ಬಲಗಾಲಿನ ಮೊಣಕಾಲಿಗೆ ಹೋಯಿತು.

"ಏನು?"

"ಮರದಿಂದ ಬಿದ್ದು ಕಾಲು ಮುರ್ಕೊಂಡಿದ್ನಲ್ಲ, ಆಗ ನಾನು ಹಾಸಿಗೆ ಬಿಟ್ಟು ಏಳೋ ಹಾಗಿರ್ಲಿಲ್ಲ. ಭಾವ ಒದ್ದಾಡ್ತಿದ್ರು. ಆಗ ಮಾತ್ರೆ ತಂದುಕೊಟ್ಟಿದ್ದು…" ಅವನು ಕಿಟಕಿಯಾಚೆ, ಪೆಟ್ಟಿಗೆ ತುಂಬುವ ಶೆಡ್ಡಿನ ಕಡೆ ನೋಡಿದ. "ನಾನೇ ಹೇಳಿ ಕಳಿಸಿದ್ದೆ. 'ಯಾರಿಗೂ ಹೇಳಬೇಡಪ್ಪ' ಅಂತ ಕೈ ಮುಗಿದು ಹೇಳಿದ್ದೆ. 'ನಮ್ಮಣ್ಣ ಕಣೋ, ನನಗೆ ಹೇಳ್ಬೇಕಾ' ಅಂದ."

"ಸಾಕ್ಷಿ ಕಟ್ಕೊಂಡ ಮೇಲೆ ಅವನನ್ನ ನಾನೇ ಎಳೆದು ತರ್ತೀನಿ" ಎಂದ ಪತ್ತೇದಾರ.

ಅಕ್ಕ ಎದ್ದು ತಮ್ಮನ ಹತ್ತಿರ ಬಂದಳು. ಕೈ ಚಾಚಿದಳು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನ ಅಂಗಿಯ ತೋಳಿನ ಮೇಲಿದ್ದ ಸುಣ್ಣದ ಕಲೆ ಉಜ್ಜಿದಳು. ಲಾಕಪ್ಪಿನ ಗೋಡೆಯ ಸುಣ್ಣ.

"ತಿಂದಿದ್ದೀಯೇನೋ?"

ಎಷ್ಟೋ ಮಾತು ಆಡಬೇಕಿತ್ತು ಅವಳು. ಬಂದದ್ದು ಇದೊಂದೇ.

ತಮ್ಮ ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. ಒರಟುತನವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ನಮ್ಮವ್ವ ಹೋದ ಮೇಲೆ ನಿನ್ನ ಸೊಂಟದ ಮೇಲೇ ಬೆಳೆದೋನು ನಾನು. ಹುಳಿಮಾವಿನಕಾಯಿ ಕದ್ದಾಗ ಊರೆಲ್ಲ ನಾನೇ ಅಂದ್ರು, ನೀನೊಬ್ಬಳು 'ಕದ್ದಿದ್ದು ನನ್ನ ತಮ್ಮ ಅಲ್ಲ' ಅಂದೆ. ಕದ್ದಿದ್ದು ನಾನೇ. ಆದ್ರೂ ಅಲ್ಲ ಅಂದೆ." ಅವನು ನಕ್ಕ. ಅಳುವುದಕ್ಕಿಂತ ಕೆಟ್ಟದಾಗಿತ್ತು ಆ ನಗು. "ಈ ಸಲ ನಾನು ಏನೂ ಮಾಡಿರ್ಲಿಲ್ಲ ಅಕ್ಕ."

"ತಪ್ಪಾಯ್ತು ಕಣೋ."

"ಹೂಂ."

"ಸ್ಟೇಷನ್ನಿಗೆ ನಾನೇ ಬರ್ತೀನಿ. ಎಲ್ಲರೆದುರು ಹೇಳ್ತೀನಿ. ಕೇಸು ವಾಪಸ್ ತಗೋತೀನಿ. ಅವರ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

"ಹೂಂ" ಎಂದ ಮತ್ತೆ. "ಮುಖ ತೊಳ್ಕೊಂಡು ಬರ್ತೀನಿ. ಅಲ್ಲಿ ನೀರೇ ಸರಿಯಾಗಿ ಬಿಡ್ತಿರ್ಲಿಲ್ಲ."

ಪತ್ತೇದಾರ ತಲೆಯಾಡಿಸಿದ. ಜಾಮೀನು ನಿಂತವನು ಜೊತೆಗೆ ಹೋಗಬೇಕಿತ್ತು. ಆದರೆ ಅಳು ಬಂದ ಗಂಡಸಿನ ಹಿಂದೆ ನಲ್ಲಿಯವರೆಗೆ ಕಾವಲು ಹೋಗಲು ಮನಸ್ಸು ಬರಲಿಲ್ಲ. ತಮ್ಮ ಬಾಗಿಲನ್ನು ಪೂರ್ತಿ ಗೋಡೆಗೆ ಒತ್ತಿ ತೆರೆದ, ಅದರ ಸಂದಿಯಲ್ಲಿ ಒಂದು ಗಳಿಗೆ ನಿಂತ, ಹೊರಗೆ ಹೋದ. ಕಿಟಕಿ ಕೆಳಗೆ ನೀರು ಬೀಳುವ ಸದ್ದು ಶುರುವಾಯಿತು.

ಪತ್ತೇದಾರ ಮಾದರಿ ಸೀಸೆ, ಯಜಮಾನನ ಸೀಸೆ, ಡ್ರಮ್ಮಿನ ಹನಿ, ಮೂರನ್ನೂ ಬಟ್ಟೆಯಲ್ಲಿ ಸುತ್ತಿದ. "ಒಂದು ಸೀಸೆ ಅರ್ಕನೂ ಇನ್ನು ಹೊರಗೆ ಹೋಗಕೂಡದು. ಗೋದಾಮಿಗೆ ಬೀಗ ಹಾಕಿಸಿ" ಎಂದ. ಅಕ್ಕ ಕೇಳಿಸಿಕೊಂಡಂತೆ ಕಾಣಲಿಲ್ಲ. ಪಕ್ಕದ ಅಡುಗೆಮನೆಗೆ ಹೋಗಿ ಒಲೆ ಹಚ್ಚಿ ಚಹಾಕ್ಕಿಟ್ಟಳು. ಕಪಾಟಿನ ಹಿಂದಿನಿಂದ ಒಂದು ಹಳೇ ಲೋಟ ತೆಗೆದು ತೊಳೆದಳು. ತಮ್ಮನ ಲೋಟ. ಅವನು ಸ್ಟೇಷನ್ನಿಗೆ ಹೋದ ದಿನ ಅವಳೇ ಅದನ್ನು ಕಣ್ಣಿಗೆ ಕಾಣದಂತೆ ಹಿಂದಕ್ಕೆ ದೂಡಿದ್ದಳು.

ಚಹಾ ಕುದಿಯಿತು. ನೀರು ಬೀಳುತ್ತಲೇ ಇತ್ತು.

"ಇಷ್ಟು ಹೊತ್ತು ತೊಳೆಯೋಕೆ ಅದೇನು ಮುಖವಾ, ಅಂಗಳವಾ?" ಎಂದು ಗೊಣಗಿದ ಪತ್ತೇದಾರನ ಮಾತು ಅವನ ಬಾಯಲ್ಲೇ ಆರಿಹೋಯಿತು. ನೀರಿನ ಸದ್ದು ಒಂದೇ ಸಮನಿತ್ತು. ಕೈಯೊಡ್ಡಿದ ನೀರು ಹಾಗೆ ಬೀಳುವುದಿಲ್ಲ.

ಅವನು ಹೊರಗೆ ಓಡಿದ.

ನಲ್ಲಿ ತೆರೆದೇ ಇತ್ತು. ಯಾರೂ ಇರಲಿಲ್ಲ. ನೀರು ಹರಿದು ಒಣಗಲು ಹಾಕಿದ ಎಲೆಯ ತಟ್ಟೆಗಳ ಕೆಳಗೆ ಮಡುಗಟ್ಟಿತ್ತು. ಶೆಡ್ಡಿನ ಬಾಗಿಲು ಹಾರು ಹೊಡೆದಿತ್ತು. ಒಳಗೆ ಪೆಟ್ಟಿಗೆಗಳಿಲ್ಲ, ವ್ಯಾನಿಲ್ಲ, ಮೈದುನನಿಲ್ಲ. ಗೇಟಿನಿಂದ ಹೆದ್ದಾರಿಯ ಕಡೆಗೆ ಚಕ್ರದ ಗುರುತು ಹೋಗಿತ್ತು. ಅದರ ಪಕ್ಕದಲ್ಲೇ, ಅದನ್ನೇ ಹಿಂಬಾಲಿಸಿ, ಒದ್ದೆ ಚಪ್ಪಲಿಯ ಗುರುತು.

"ಬರ್ತಾನೆ ಸಾಹೇಬ್ರೆ" ಎಂದಳು ಅಕ್ಕ. ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ದೋಟಿ ಬಿಟ್ಟು ಅವನು ಎಲ್ಲಿಗೂ ಹೋಗಲ್ಲ. ನೋಡಿ, ಇಲ್ಲೇ ಇದೆ."

ಪತ್ತೇದಾರ ಬಾಗಿಲ ಹಿಂದೆ ಕೈ ಹಾಕಿ ದೋಟಿಯನ್ನು ಎಳೆದ. ತುದಿಯವರೆಗೂ ನೋಡಿದ. ಬಿದಿರಿನ ಬಾಯಿಂದ ಬಿಚ್ಚಿದ ತಂತಿ ಜೋತಾಡುತ್ತಿತ್ತು.

ಕತ್ತಿ ಇರಲಿಲ್ಲ.

ಅಕ್ಕ ಅದನ್ನು ನೋಡಿದಳು. ನಲ್ಲಿಯ ಹತ್ತಿರ ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ನಿಲ್ಲಿಸಿದಳು. ಒಳಗೆ ಬಂದು ಲೋಟಕ್ಕೆ ಚಹಾ ಬಗ್ಗಿಸಿ ಮೇಲೊಂದು ತಟ್ಟೆ ಮುಚ್ಚಿದಳು.

ದೀಪ ಹಚ್ಚುವ ಹೊತ್ತಾಯಿತು. ಸ್ಟೇಷನ್ನಿನಿಂದ ಫೋನು ಬಂತು, ಮತ್ತೆ ಬಂತು. ಪತ್ತೇದಾರ ಎತ್ತಲಿಲ್ಲ. ಕೊಲೆ ಮಾಡಿಲ್ಲವೆಂದು ಸಾಬೀತಾದವನ ಕೈಯಲ್ಲಿ ಈಗ ಕತ್ತಿ ಇತ್ತು.

ತಟ್ಟೆಯಡಿಯ ಚಹಾ ತಣ್ಣಗಾಯಿತು. ಅಕ್ಕ ಅದನ್ನು ಚೆಲ್ಲಲಿಲ್ಲ. ಅವನು ಬರಲಿಲ್ಲ.